ಕನ್ಸಲ್ಟಿಂಗ್ ಇಂಟರ್ನ್‌ಶಿಪ್: ಎರಡು ಪತ್ರ ಕೈಯಲ್ಲಿದ್ದಾಗ ಯಾವುದಕ್ಕೆ ಹೂಂ ಎನ್ನಬೇಕು?

ಫೆಬ್ರುವರಿಯ ಕೊನೆಯ ಭಾನುವಾರ ಇಬ್ಬರು ವಿದ್ಯಾರ್ಥಿಗಳು ನಮ್ಮ ಮನೆಯ ಜಗುಲಿಯಲ್ಲಿ ಕುಳಿತಿದ್ದರು. ಅಂಗಳದಲ್ಲಿ ಚಾಲಿ ಅಡಿಕೆ ಒಣಗುತ್ತಿತ್ತು. ಒಬ್ಬಳು ಶಿರಸಿಯ ಪಕ್ಕದ ಹಳ್ಳಿಯವಳು, ಬಿ.ಕಾಂ. ಕೊನೆಯ ವರ್ಷ. ಇನ್ನೊಬ್ಬ ಕಾರವಾರದವನು, ಬೆಂಗಳೂರಿನಲ್ಲಿ ಎಂ.ಬಿ.ಎ. ಮೊದಲ ವರ್ಷ ಓದುತ್ತಿದ್ದಾನೆ. ಇಬ್ಬರ ಮೊಬೈಲಿನಲ್ಲೂ ಎರಡೆರಡು ಇಂಟರ್ನ್‌ಶಿಪ್ ಪತ್ರಗಳಿದ್ದವು. ಇಬ್ಬರದೂ ಒಂದೇ ಪ್ರಶ್ನೆ: "ಅಕ್ಕ, ಯಾವುದಕ್ಕೆ ಹೂಂ ಎನ್ನಲಿ?"

ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕನ್ಸಲ್ಟಿಂಗ್, ಅಂದರೆ ಕಂಪನಿಗಳ ಸಮಸ್ಯೆ ಬಿಡಿಸಿ ಸಲಹೆ ಕೊಡುವ ಕೆಲಸ, ಮಾಡಿ ಊರಿಗೆ ಮರಳಿದವಳು ನಾನು. ಬೇಸಿಗೆ ಹತ್ತಿರವಾದಂತೆ ಈ ಪ್ರಶ್ನೆ ಹೊತ್ತು ಬರುವವರು ಹೆಚ್ಚುತ್ತಿದ್ದಾರೆ. ಸಂಸ್ಥೆಯ ಹೆಸರು, ಸ್ಟೈಪೆಂಡ್, ಉಳಿಯುವ ಊರು, ಮುಂದೆ ನೌಕರಿ ಸಿಗುವ ಅವಕಾಶ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ನಾನು ಎಲ್ಲಕ್ಕಿಂತ ಮೊದಲು ಕೇಳುವುದು ಇಷ್ಟು: ನೀವು ಮಾಡಿದ ಕೆಲಸವನ್ನು ಅಲ್ಲಿ ಯಾರು ಓದುತ್ತಾರೆ? ಓದಿ, ತಪ್ಪಿನ ಮೇಲೆ ಬೆರಳಿಟ್ಟು ತೋರಿಸುವವರು ಇದ್ದಾರೆಯೇ?

ಇದನ್ನು ನನಗೆ ಕಲಿಸಿದ್ದು ನನ್ನವೇ ಎರಡು ಇಂಟರ್ನ್‌ಶಿಪ್‌ಗಳು. ಮೊದಲನೆಯದು ಪದವಿ ಓದುವಾಗ, ಬೆಂಗಳೂರಿನ ಒಂದು ದೊಡ್ಡ ಕಚೇರಿಯಲ್ಲಿ. ಗಾಜಿನ ಕಟ್ಟಡ, ಕೊರಳಲ್ಲಿ ಗುರುತಿನ ಚೀಟಿ, ಊರಿನಲ್ಲಿ ಹೇಳಿಕೊಳ್ಳುವಂಥ ಹೆಸರು. ಎಂಟು ವಾರ ಕುಳಿತು ನಲವತ್ತು ಕಂಪನಿಗಳ ವಿವರ ಕಲೆಹಾಕಿದೆ, ಕೊನೆಯ ದಿನ ಕಳುಹಿಸಿದೆ. ಯಾರೂ ಅದನ್ನು ತೆರೆದು ನೋಡಲಿಲ್ಲ. ಎರಡನೆಯದು ಎಂ.ಬಿ.ಎ. ಮಾಡುವಾಗ, ಹನ್ನೆರಡು ಜನರ ಪುಟ್ಟ ಸಂಸ್ಥೆಯೊಂದರಲ್ಲಿ. ಅಲ್ಲಿ ಅಡಿಕೆ ಬೆಳೆಗಾರರ ಆದಾಯದ ಲೆಕ್ಕ ನನ್ನ ಪಾಲಿಗೆ ಬಂತು. ತೋಟದಿಂದ ಇಳಿಸಿದ ಹಸಿ ಅಡಿಕೆಯ ತೂಕವನ್ನು ಮಾರುಕಟ್ಟೆಯ ಒಣ ಅಡಿಕೆಯ ದರದಿಂದ ಗುಣಿಸಿಬಿಟ್ಟಿದ್ದೆ. ರಾತ್ರಿ ಒಂಬತ್ತಕ್ಕೆ ಹಿರಿಯ ಸಹೋದ್ಯೋಗಿಯೊಬ್ಬರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತರು. ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಎಕರೆಗೆ ಇಷ್ಟು ಆದಾಯ ಬರುವುದಾದರೆ ನಿನ್ನ ಓದಿಗೆ ನಿಮ್ಮ ಅಪ್ಪ ಸಾಲ ಮಾಡಬೇಕಿತ್ತೇ?"

ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಹಸಿ ಅಡಿಕೆಯ ತೂಕದಲ್ಲಿ ಉಳಿಯುವುದು ಸಣ್ಣ ಪಾಲು ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಊರಿನ ತಿಳಿವಳಿಕೆಯನ್ನು ಬಾಗಿಲ ಹೊರಗೆ ಬಿಟ್ಟು ಬಂದಿದ್ದೆ. ಆ ರಾತ್ರಿಯ ಹತ್ತು ನಿಮಿಷದಲ್ಲಿ ಕಲಿತಷ್ಟನ್ನು ಗಾಜಿನ ಕಟ್ಟಡದ ಎಂಟು ವಾರದಲ್ಲಿ ಕಲಿತಿರಲಿಲ್ಲ.

ಇನ್ನು ಒಂದೊಂದಾಗಿ ಆಯ್ಕೆಗಳನ್ನು ನೋಡೋಣ.

ಮೂರು ದೊಡ್ಡ ಹೆಸರುಗಳು

ಕನ್ಸಲ್ಟಿಂಗ್ ಎಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಮೆಕಿನ್ಸೆ, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಮತ್ತು ಬೇನ್. ಮೆಕಿನ್ಸೆ 1926ರಲ್ಲಿ ಶಿಕಾಗೊದಲ್ಲಿ ಹುಟ್ಟಿತು, ಬಿ.ಸಿ.ಜಿ. 1963ರಲ್ಲಿ, ಬೇನ್ 1973ರಲ್ಲಿ. ಕಂಪನಿಯ ಮುಖ್ಯಸ್ಥರು ಎದುರಿಸುವ ದೊಡ್ಡ ಪ್ರಶ್ನೆಗಳಲ್ಲಿ ಇವರ ಕೆಲಸ: ಹೊಸ ಮಾರುಕಟ್ಟೆಗೆ ಇಳಿಯಬೇಕೇ, ಲಾಭ ಏಕೆ ಕುಸಿಯುತ್ತಿದೆ, ಇನ್ನೊಂದು ಕಂಪನಿಯನ್ನು ಕೊಳ್ಳಬೇಕೇ. ಬೇಸಿಗೆಯ ಇಂಟರ್ನ್‌ಶಿಪ್ ಸಾಮಾನ್ಯವಾಗಿ ಎಂಟರಿಂದ ಹತ್ತು ವಾರ. ಇಂಟರ್ನ್‌ಗೂ ನಿಜವಾದ ತಂಡ, ನಿಜವಾದ ಪ್ರಶ್ನೆ ಸಿಗುತ್ತದೆ. ತಿದ್ದುವವರಂತೂ ಸಾಲಾಗಿ ಇರುತ್ತಾರೆ.

ಆದರೆ ಇವರು ಇಂಟರ್ನ್‌ಗಳನ್ನು ಆರಿಸಿಕೊಳ್ಳುವುದು ಬಹುಪಾಲು ಐ.ಐ.ಎಂ., ಐ.ಐ.ಟಿ. ಮತ್ತು ಬೆರಳೆಣಿಕೆಯ ಇತರ ಕಾಲೇಜುಗಳ ಕ್ಯಾಂಪಸ್ಸಿನಲ್ಲಿ. ನಮ್ಮ ಜಿಲ್ಲೆಯ ಕಾಲೇಜಿನಲ್ಲಿ ಪದವಿ ಓದುತ್ತಿರುವವರಿಗೆ ನೇರ ದಾರಿ ಬಹಳ ಕಿರಿದು. ಇದನ್ನು ಮೊದಲೇ ಹೇಳದೆ ಆಸೆ ಹುಟ್ಟಿಸುವುದು ನ್ಯಾಯವಲ್ಲ. ಆ ಮಟ್ಟದ ಕಾಲೇಜಿನಲ್ಲಿದ್ದರೆ ತಯಾರಿಗೆ ಮೂರು ತಿಂಗಳು ಮುಡಿಪಾಗಿಡಿ. ಇಲ್ಲದಿದ್ದರೆ ಈ ವರ್ಷದ ಬೇಸಿಗೆಯನ್ನು ಆ ಒಂದೇ ಬಾಗಿಲ ಮುಂದೆ ಕಾಯುತ್ತ ಕಳೆಯಬೇಡಿ. ಎಂ.ಬಿ.ಎ. ಮಾಡಿಕೊಂಡು ಎರಡು ಮೂರು ವರ್ಷಗಳ ನಂತರವೂ ಅಲ್ಲಿಗೆ ಹೋಗಬಹುದು.

ಬಿಗ್ ಫೋರ್: ಒಂದೇ ಫಲಕ, ಎರಡು ಬಗೆಯ ಕಚೇರಿ

ಡೆಲಾಯ್ಟ್, ಪಿ.ಡಬ್ಲ್ಯು.ಸಿ., ಇ.ವೈ., ಕೆ.ಪಿ.ಎಂ.ಜಿ. ಬಿಗ್ ಫೋರ್ ಎಂದು ಕರೆಯುವ ಈ ನಾಲ್ಕು ದೊಡ್ಡ ಲೆಕ್ಕಪರಿಶೋಧನೆ ಮತ್ತು ಸಲಹಾ ಸಂಸ್ಥೆಗಳ ವಿಷಯದಲ್ಲಿ ನಮ್ಮ ಮಕ್ಕಳು ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲ ಗೊಂದಲ ವಿಭಾಗದ್ದು. ಇಲ್ಲಿ ಆಡಿಟ್ ಇದೆ, ತೆರಿಗೆ ಇದೆ, ಅಪಾಯ ನಿರ್ವಹಣೆ ಇದೆ, ಕನ್ಸಲ್ಟಿಂಗ್ ಇದೆ. ಪತ್ರದಲ್ಲಿ ಸಂಸ್ಥೆಯ ಹೆಸರು ಕಂಡ ಮಾತ್ರಕ್ಕೆ ಕನ್ಸಲ್ಟಿಂಗ್ ಎಂದುಕೊಳ್ಳಬೇಡಿ. ಸಿ.ಎ. ಓದುವವರ ಆರ್ಟಿಕಲ್‌ಶಿಪ್ ಇನ್ನೂ ಬೇರೆ. 2023ರ ಹೊಸ ಪದ್ಧತಿಯ ಪ್ರಕಾರ ಅದು ಎರಡು ವರ್ಷದ ಕಡ್ಡಾಯ ತರಬೇತಿ. ಎಂಟು ವಾರದ ಇಂಟರ್ನ್‌ಶಿಪ್‌ಗೂ ಅದಕ್ಕೂ ಸಂಬಂಧವಿಲ್ಲ.

ಎರಡನೆಯ ಗೊಂದಲ ಕಚೇರಿಯದು. ಭಾರತದ ಗ್ರಾಹಕರಿಗಾಗಿ ಕೆಲಸ ಮಾಡುವ ಕಚೇರಿ ಒಂದು. ಅಮೆರಿಕ, ಬ್ರಿಟನ್ ಮುಂತಾದ ಕಡೆಯ ತಂಡಗಳಿಗಾಗಿ ಬೆಂಗಳೂರು, ಹೈದರಾಬಾದಿನಲ್ಲಿ ಕುಳಿತು ಕೆಲಸ ಮಾಡುವ ಕೇಂದ್ರ ಇನ್ನೊಂದು. ಫಲಕ ಒಂದೇ, ದಿನಚರಿ ಪೂರ್ತಿ ಬೇರೆ. ಮೊದಲನೆಯದರಲ್ಲಿ ಗ್ರಾಹಕರನ್ನು ಕಣ್ಣಾರೆ ಕಾಣುತ್ತೀರಿ. ಕಾರ್ಖಾನೆಗೋ ಸರ್ಕಾರಿ ಇಲಾಖೆಗೋ ಹೋಗುತ್ತೀರಿ. ಕನ್ನಡ, ಕೊಂಕಣಿ, ಮರಾಠಿ ಬರುವುದು ಅಲ್ಲಿ ನಿಜವಾದ ಬಲ. ಎರಡನೆಯದರಲ್ಲಿ ಮಾಹಿತಿ ಜೋಡಿಸುವುದು, ಎಕ್ಸೆಲ್ ಮಾದರಿ ಕಟ್ಟುವುದು, ಸ್ಲೈಡ್ ತಯಾರಿಸುವುದು ಹೆಚ್ಚು. ಕೆಲಸದ ಶಿಸ್ತು ಚೆನ್ನಾಗಿ ಮೈಗೂಡುತ್ತದೆ. ಸಂಜೆಯ ಕರೆಗಳು ಎದುರಿನವರ ಬೆಳಗಿನ ಹೊತ್ತಿಗೆ ಹೊಂದಿಕೊಳ್ಳುತ್ತವೆ.

ಎರಡನೆಯದು ಕೀಳು ಎಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಾರವಾರದ ಸಾಧಾರಣ ಮನೆಯ ಹುಡುಗನಿಗೆ ಎಕ್ಸೆಲ್ಲಿನಲ್ಲಿ ಕೈ ಕುದುರುವುದು, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಚೊಕ್ಕವಾಗಿ ಬರೆಯಲು ಬರುವುದು ಜೀವನಪೂರ್ತಿ ಬಾಳುವ ಗಳಿಕೆ. ನಿಮ್ಮ ಮೇಲಿನವರು ಯಾರು, ಅವರು ವಾರಕ್ಕೆ ಎಷ್ಟು ಸಲ ನಿಮ್ಮ ಕೆಲಸ ನೋಡುತ್ತಾರೆ ಎಂಬುದನ್ನು ಮಾತ್ರ ಒಪ್ಪಿಗೆ ಕೊಡುವ ಮೊದಲೇ ಕೇಳಿಕೊಳ್ಳಿ.

ಸಣ್ಣ ಸಂಸ್ಥೆಗಳು

ಹತ್ತರಿಂದ ಐವತ್ತು ಜನರ ಸಂಸ್ಥೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಹುಬ್ಬಳ್ಳಿಯಲ್ಲೂ ಹುಡುಕಿದರೆ ಸಿಗುತ್ತವೆ. ಒಂದು ಸಂಸ್ಥೆಗೆ ಆಹಾರ ಸಂಸ್ಕರಣೆ ಗೊತ್ತು, ಇನ್ನೊಂದಕ್ಕೆ ಆಸ್ಪತ್ರೆ ಆಡಳಿತ, ಮತ್ತೊಂದಕ್ಕೆ ಪ್ರವಾಸೋದ್ಯಮ. ಇಲ್ಲಿ ಇಂಟರ್ನ್ ಮೂರನೇ ದಿನವೇ ಗ್ರಾಹಕರ ಎದುರು ಕುಳಿತಿರುತ್ತಾರೆ. ಅದು ಭಾಗ್ಯವೂ ಹೌದು, ಅಪಾಯವೂ ಹೌದು. ಒಳ್ಳೆಯ ಹಿರಿಯರಿದ್ದರೆ ಇಲ್ಲಿ ಕಲಿಯುವಷ್ಟು ಬೇರೆಲ್ಲೂ ಕಲಿಯಲಾಗದು. ಸಂಸ್ಥಾಪಕರೇ ಎರಡು ತಿಂಗಳು ಊರೂರು ಸುತ್ತುತ್ತಿದ್ದರೆ ನೀವು ಒಬ್ಬರೇ ಕುಳಿತು ಯಾವುದೋ ಸ್ಲೈಡಿನ ಬಣ್ಣ ಬದಲಿಸುತ್ತ ಬೇಸಿಗೆ ಕಳೆಯುತ್ತೀರಿ.

ಇವರನ್ನು ತಲುಪುವ ದಾರಿ ಬಲು ನೇರ. ಸಂಸ್ಥೆಯ ಹಿಂದಿನ ಕೆಲಸವನ್ನು ಓದಿ, ಅವರ ಕ್ಷೇತ್ರದ ಒಂದು ಪ್ರಶ್ನೆಯ ಮೇಲೆ ನೀವೇ ಎರಡು ಪುಟದ ಟಿಪ್ಪಣಿ ಬರೆದು, ಅರ್ಜಿಯ ಜೊತೆ ಕಳುಹಿಸಿ. "ನಾನು ಪರಿಶ್ರಮಿ, ಕಲಿಯುವ ಆಸಕ್ತಿಯಿದೆ" ಎಂದು ಎಲ್ಲರೂ ಬರೆಯುತ್ತಾರೆ. "ಅಂಕೋಲೆಯ ಕರಿ ಈಶಾಡು ಮಾವು ಹೊರಗಿನ ಮಾರುಕಟ್ಟೆಗೆ ಹೆಚ್ಚು ಹೋಗದಿರಲು ನನಗೆ ಕಂಡ ಮೂರು ಕಾರಣಗಳು" ಎಂದು ಬರೆದವರ ಪತ್ರವನ್ನು ಓದದೆ ಇರಲಾಗುವುದಿಲ್ಲ.

ಸರ್ಕಾರದ ಕಡೆಯವು

ನೀತಿ ಆಯೋಗದ ಇಂಟರ್ನ್‌ಶಿಪ್ ಕನಿಷ್ಠ ಆರು ವಾರ, ಗರಿಷ್ಠ ಆರು ತಿಂಗಳು, ಹಣ ಕೊಡುವುದಿಲ್ಲ. ಸಾರ್ವಜನಿಕ ನೀತಿಯ ಕಡೆ ಮನಸ್ಸಿದ್ದು, ದಿಲ್ಲಿಯಲ್ಲಿ ಉಳಿಯುವ ಖರ್ಚು ಮನೆಯವರಿಗೆ ಭಾರವಾಗದಿದ್ದರೆ ಒಳ್ಳೆಯದು. 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ಬಗ್ಗೆಯೂ ಹಲವರು ಕೇಳುತ್ತಾರೆ. ಆರಂಭದ ನಿಯಮದಂತೆ ಅದು 21ರಿಂದ 24 ವಯಸ್ಸಿನವರಿಗೆ, ಹನ್ನೆರಡು ತಿಂಗಳು, ತಿಂಗಳಿಗೆ ₹5,000. ಪೂರ್ಣಾವಧಿ ಓದುತ್ತಿರುವವರಿಗೆ ಆಗ ಅನ್ವಯಿಸುತ್ತಿರಲಿಲ್ಲ, ಮತ್ತು ಅದು ಕನ್ಸಲ್ಟಿಂಗ್‌ಗೆಂದೇ ಮಾಡಿದ ಯೋಜನೆಯೂ ಅಲ್ಲ.

ಊರಿನಲ್ಲೇ ಒಂದು ಅಧ್ಯಯನ

ಇದನ್ನು ಯಾರೂ ಕನ್ಸಲ್ಟಿಂಗ್ ಇಂಟರ್ನ್‌ಶಿಪ್ ಎಂದು ಕರೆಯುವುದಿಲ್ಲ. ಹಾಗಾಗಿಯೇ ನಾನು ಇದರ ಪರವಾಗಿ ಸ್ವಲ್ಪ ಜೋರಾಗಿ ಮಾತಾಡುತ್ತೇನೆ.

ಶಿರಸಿಯಲ್ಲಿ 1923ರಿಂದ ನಡೆಯುತ್ತಿರುವ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿಯಂಥ ಸಂಸ್ಥೆ ಇದೆ. ನಮ್ಮೆಲ್ಲರ ಬಾಯಲ್ಲಿ ಅದು ಟಿ.ಎಸ್.ಎಸ್. ಹಳ್ಳಿಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳಿವೆ. ಕರಾವಳಿಯಲ್ಲಿ ಮೀನುಗಾರರ ಸಂಘಗಳಿವೆ, ಗೋಕರ್ಣ ಮತ್ತು ಮುರ್ಡೇಶ್ವರದಲ್ಲಿ ಹೋಂಸ್ಟೇಗಳಿವೆ, ಸಾಣಿಕಟ್ಟೆಯಲ್ಲಿ ಉಪ್ಪಿನ ಆಗರಗಳಿವೆ. ಇಲ್ಲಿಯ ಪ್ರಶ್ನೆಗಳು ಯಾವ ದೊಡ್ಡ ಕಂಪನಿಯ ಪ್ರಶ್ನೆಗೂ ಕಡಿಮೆಯಿಲ್ಲ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿ.ಐ.), ಅಂದರೆ ಇದು ಈ ಊರಿನದೇ ಬೆಳೆ ಎಂಬ ಗುರುತಿನ, ಮಾನ್ಯತೆ ಬಂತು. ಅದರಿಂದ ಬೆಳೆಗಾರನ ಕೈಗೆ ಬರುವ ದರದಲ್ಲಿ ಏನಾದರೂ ಬದಲಾಯಿತೇ? ಬದಲಾಗದಿದ್ದರೆ ಸರಪಳಿಯ ಯಾವ ಕೊಂಡಿಯಲ್ಲಿ ನಿಂತಿತು? ಆರು ವಾರ ಇದೊಂದನ್ನೇ ಹಿಡಿದು ಕುಳಿತು, ಹತ್ತು ಪುಟದಲ್ಲಿ ಉತ್ತರ ಬರೆದವರು ಬೆಂಗಳೂರಿನ ಯಾವ ಸಂದರ್ಶನಕ್ಕೂ ತಲೆ ಎತ್ತಿ ಹೋಗಬಹುದು.

ಇದರ ಕಷ್ಟ ಎರಡು. ತಿದ್ದುವವರನ್ನು ನೀವೇ ಹುಡುಕಿಕೊಳ್ಳಬೇಕು: ಕಾಲೇಜಿನ ಒಬ್ಬ ಅಧ್ಯಾಪಕರು, ಸಂಘದ ಕಾರ್ಯದರ್ಶಿ, ಈ ಕ್ಷೇತ್ರದಲ್ಲಿ ಕೆಲಸ ಮಾಡುವ ನೆಂಟರು, ಯಾರಾದರೂ ಸರಿ, ವಾರಕ್ಕೊಮ್ಮೆ ಓದುತ್ತೇನೆ ಎಂದು ಒಪ್ಪಿಕೊಂಡಿರಬೇಕು. ಎರಡನೆಯದು, ಶುರುವಿನಲ್ಲೇ ಒಂದು ಪುಟದ ಒಪ್ಪಂದ ಬರೆದುಕೊಳ್ಳಬೇಕು. ಪ್ರಶ್ನೆ ಯಾವುದು, ಯಾವ ಲೆಕ್ಕಪತ್ರ ನೋಡಲು ಕೊಡುತ್ತಾರೆ, ಯಾವುದನ್ನು ಹೊರಗೆ ಹೇಳಬಾರದು, ಯಾವ ದಿನ ವರದಿ. ಪರಿಚಯದವರೇ ಎಂದು ಇದನ್ನು ಬಿಟ್ಟರೆ ಮೂರನೇ ವಾರಕ್ಕೆ ನಿಮ್ಮನ್ನು ಕೌಂಟರಿನಲ್ಲಿ ರಸೀದಿ ಬರೆಯಲು ಕೂರಿಸುತ್ತಾರೆ.

ಪರದೆಯ ಮೇಲಿನವು

ಫೊರೇಜ್ ಎಂಬ ಜಾಲತಾಣದಲ್ಲಿ ದೊಡ್ಡ ಸಂಸ್ಥೆಗಳು ಸಿದ್ಧಪಡಿಸಿದ ಅಭ್ಯಾಸಗಳು ಉಚಿತವಾಗಿ ಸಿಗುತ್ತವೆ. ಕೆಲಸ ಹೇಗಿರುತ್ತದೆ ಎಂಬ ರುಚಿ ನೋಡಲು ಮಾಡಿ. ಆದರೆ ಸ್ವವಿವರದಲ್ಲಿ ಅದನ್ನು ಇಂಟರ್ನ್‌ಶಿಪ್ ಎಂದು ಬರೆಯಬೇಡಿ. ಸಂದರ್ಶಕರು ಮೊದಲ ಪ್ರಶ್ನೆಯಲ್ಲೇ ಹಿಡಿಯುತ್ತಾರೆ. ಇನ್ನು "ನೋಂದಣಿ ಶುಲ್ಕ" "ತರಬೇತಿ ಶುಲ್ಕ" ಕೇಳಿ, ನಾಲ್ಕು ವಾರದಲ್ಲಿ ಪ್ರಮಾಣಪತ್ರ ಕೊಡುವವರ ಹತ್ತಿರ ಹೋಗಲೇಬೇಡಿ. ಕೆಲಸ ಮಾಡುವವರಿಂದ ಹಣ ಕೇಳುವುದು ಇಂಟರ್ನ್‌ಶಿಪ್ ಅಲ್ಲ, ವ್ಯಾಪಾರ.

ಸಂದರ್ಶನಕ್ಕೆ ತಯಾರಿ

ಕನ್ಸಲ್ಟಿಂಗ್ ಸಂದರ್ಶನದಲ್ಲಿ ಸಾಮಾನ್ಯವಾಗಿ ಒಂದು ಕೇಸ್ ಕೊಡುತ್ತಾರೆ. ಅಂದರೆ ವ್ಯಾಪಾರದ ಒಂದು ಸಮಸ್ಯೆ. ಅರ್ಧ ಗಂಟೆ ಅವರೊಂದಿಗೆ ಮಾತಾಡುತ್ತಲೇ ಬಿಡಿಸಬೇಕು. ಇದಕ್ಕೆ ಎಲ್ಲರೂ ಅಮೆರಿಕದ ಕಾಫಿ ಅಂಗಡಿ, ವಿಮಾನ ಕಂಪನಿಗಳ ಉದಾಹರಣೆ ಉರು ಹೊಡೆಯುತ್ತಾರೆ. ನಾನು ನಮ್ಮ ಮಕ್ಕಳಿಗೆ ಊರಿನ ಕೇಸುಗಳನ್ನೇ ಕೊಡುತ್ತೇನೆ. ಕಣ್ಣಿಗೆ ಕಂಡದ್ದರ ಮೇಲೆ ಬುದ್ಧಿ ಓಡಿಸುವುದನ್ನು ಕಲಿತರೆ ಕಾಣದ್ದರ ಮೇಲೂ ಓಡುತ್ತದೆ.

ಒಂದನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಪ್ರಶ್ನೆ: ಜಾತ್ರೆಯ ಒಂದು ದಿನದಲ್ಲಿ ಎಷ್ಟು ಬಳೆ ಮಾರಾಟವಾಗುತ್ತವೆ? ಸರಿಯುತ್ತರ ಯಾರ ಬಳಿಯೂ ಇಲ್ಲ. ನೀವು ಹೇಗೆ ಯೋಚಿಸುತ್ತೀರಿ ಎಂದು ನೋಡುವುದಷ್ಟೇ ಉದ್ದೇಶ.

ಅಂಗಡಿಯ ಕಡೆಯಿಂದ ಹೊರಡೋಣ. ಬಳೆ ಅಂಗಡಿಗಳು 150 ಎಂದು ಊಹಿಸಿಕೊಳ್ಳಿ, ದಿನಕ್ಕೆ 12 ಗಂಟೆ ವ್ಯಾಪಾರ. ಗಂಟೆಗೆ ಎಷ್ಟು ಗಿರಾಕಿಗಳು? ಇಲ್ಲಿ ಎಲ್ಲರೂ ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ. ಜಾತ್ರೆಯಲ್ಲಿ ಬಳೆ ತೊಡಿಸಿಕೊಂಡವರು ಹಾಗೆ ಹೇಳುವುದಿಲ್ಲ. ಬಳೆಗಾರ ಕೈ ಹಿಡಿದು, ಬೆರಳುಗಳನ್ನು ಒತ್ತಿ ಜೋಡಿಸಿ, ಗಾಜು ಒಡೆಯದಂತೆ ಒಂದೊಂದಾಗಿ ಏರಿಸುತ್ತಾನೆ. ಎರಡು ಕೈಗೆ ನಾಲ್ಕು ನಿಮಿಷವಾದರೂ ಬೇಕು. ಅಂದರೆ ಒಬ್ಬ ಬಳೆಗಾರನಿಗೆ ಗಂಟೆಗೆ 15 ಗಿರಾಕಿಗಳಿಗಿಂತ ಹೆಚ್ಚು ಸಾಧ್ಯವಿಲ್ಲ. ಜನ ಎಷ್ಟೇ ಮುಗಿಬಿದ್ದರೂ ವ್ಯಾಪಾರದ ಮಿತಿ ಆ ಎರಡು ಕೈಗಳಲ್ಲಿದೆ. 150 ಅಂಗಡಿ, 12 ಗಂಟೆ, 15 ಗಿರಾಕಿ ಎಂದರೆ 27,000 ಜನ. ತಲೆಗೆ ಒಂದೂವರೆ ಡಜನ್ ಎಂದರೆ 4,86,000 ಬಳೆ.

ಈಗ ಕೊಳ್ಳುವವರ ಕಡೆಯಿಂದ ತಾಳೆ ನೋಡಿ. ದಿನಕ್ಕೆ ಒಂದು ಲಕ್ಷ ಜನ ಬರುತ್ತಾರೆ ಎಂದುಕೊಂಡರೆ ಅರ್ಧದಷ್ಟು ಹೆಂಗಸರು, ಅವರಲ್ಲಿ ಅರ್ಧದಷ್ಟು ಜನ ಬಳೆ ಕೊಂಡರೆ 25,000 ಗಿರಾಕಿಗಳು, 4,50,000 ಬಳೆ. ಎರಡೂ ದಾರಿ ಹತ್ತಿರ ಹತ್ತಿರ ಬಂದವು. "ನಾಲ್ಕೂವರೆಯಿಂದ ಐದು ಲಕ್ಷ" ಎಂದು ಹೇಳಿ, ಯಾವ ಊಹೆ ಹೆಚ್ಚು ಅಲುಗಾಡುತ್ತದೆ ಎಂಬುದನ್ನೂ ಹೇಳಿ. ನನ್ನ ಪ್ರಕಾರ ಅಂಗಡಿಗೆ ಒಬ್ಬನೇ ಬಳೆಗಾರ ಎಂಬ ಊಹೆ. ಮನೆಮಂದಿಯೆಲ್ಲ ತೊಡಿಸಲು ನಿಂತರೆ ಲೆಕ್ಕ ಇಮ್ಮಡಿಯಾಗುತ್ತದೆ.

ಲಾಭದ ಕೇಸಿಗೆ ಕಾರವಾರದ ಬೈತಕೋಲ ಬಂದರಿನ ಪಕ್ಕದಲ್ಲಿ ಒಂದು ಐಸ್ ಫ್ಯಾಕ್ಟರಿ ಇದೆ ಎಂದು ಕಲ್ಪಿಸಿಕೊಳ್ಳಿ. ಲಾಭ ಇಳಿಯುತ್ತಿದೆ, ಕಾರಣ ಹುಡುಕಿ. ಆದಾಯ, ವೆಚ್ಚ ಎಂದು ಎರಡು ಕವಲು ಮಾಡುವುದು ಎಲ್ಲರಿಗೂ ಬರುತ್ತದೆ. ಮುಂದಿನ ಪ್ರಶ್ನೆಗಳಲ್ಲಿ ಆಳ ಗೊತ್ತಾಗುತ್ತದೆ. ಐಸ್ ಕೊಳ್ಳುವವರು ಯಾರು? ದೋಣಿಗಳೋ, ಮೀನು ಹೊರಗೆ ಸಾಗಿಸುವ ಲಾರಿಗಳೋ? ಬೋಟಿನವರು ಕಡಲಿಗೆ ಹೋಗುವ ಸಲ ಕಡಿಮೆಯಾಯಿತೇ, ಅಥವಾ ಪ್ರತಿ ಸಲ ಒಯ್ಯುವ ಐಸ್ ಕಡಿಮೆಯಾಯಿತೇ? ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆಗ ಆದಾಯ ಇಳಿಯುತ್ತದೆ, ಆದರೆ ಸಾಲದ ಕಂತು, ಕಾಯಂ ನೌಕರರ ಸಂಬಳ, ವಿದ್ಯುತ್ತಿನ ನಿಗದಿ ಶುಲ್ಕ ನಿಲ್ಲುವುದಿಲ್ಲ. ಹಾಗೆಂದು ನಿಷೇಧವೇ ಕಾರಣ ಎಂದು ತೀರ್ಪು ಕೊಟ್ಟರೆ ತಪ್ಪು. ಅದು ಪ್ರತಿ ವರ್ಷವೂ ಇದೆ. ಲಾಭ ಇಳಿದದ್ದು ಈಚೆಗೆ. ಮೊದಲಿನಿಂದ ಇರುವುದನ್ನೂ ಈಚೆಗೆ ಬದಲಾದದ್ದನ್ನೂ ಬೇರೆ ಮಾಡಿ ನೋಡುವ ಈ ಒಂದು ಅಭ್ಯಾಸ ಕೈಗೂಡಿದರೆ ಅರ್ಧ ಕೇಸು ಬಿಡಿಸಿದಂತೆ.

ಕವಲು ಮಾಡುವಾಗ ಒಂದು ನಿಯಮವಿದೆ. ಕವಲುಗಳು ಒಂದರ ಮೇಲೊಂದು ಬೀಳಬಾರದು, ಯಾವುದೂ ಬಿಟ್ಟುಹೋಗಬಾರದು. ಕನ್ಸಲ್ಟಿಂಗ್‌ನವರು ಇದನ್ನು ಮೀಸಿ (MECE) ಎನ್ನುತ್ತಾರೆ. ನಮ್ಮ ಕಡೆ ಅಡಿಕೆ ಆರಿಸುವ ಹೆಂಗಸರು ಈ ನಿಯಮದಲ್ಲೇ ದಿನಗಳೆಯುತ್ತಾರೆ. ಚಾಲಿ, ಕೋಕಾ, ಬಿಳಿಗೋಟು: ಒಂದು ಅಡಿಕೆ ಒಂದೇ ರಾಶಿಗೆ ಹೋಗಬೇಕು, ಕೊನೆಗೆ ಚಾಪೆಯ ಮೇಲೆ ಒಂದೂ ಉಳಿಯಬಾರದು. ನೀವು ಮಾಡಿದ ಕವಲುಗಳನ್ನು ಆ ಚಾಪೆಯ ಮೇಲೆ ಸುರಿದು ನೋಡಿ.

ಮಾತಿನ ಕ್ರಮವೂ ಬದಲಾಗಬೇಕು. ಯಕ್ಷಗಾನದಲ್ಲಿ ಒಡ್ಡೋಲಗ, ಅಂದರೆ ಪಾತ್ರದ ಕುಣಿತದ ಪ್ರವೇಶ, ಮುಗಿದ ಮೇಲೆ ಪಾತ್ರ ಮಾತಿಗೆ ತೊಡಗುತ್ತದೆ. ನಾವೂ ಮನೆಯಲ್ಲಿ ಸಂಗತಿ ಹೇಳುವಾಗ ಹಿನ್ನೆಲೆಯಿಂದಲೇ ಶುರು ಮಾಡುತ್ತೇವೆ. ಈ ಕೆಲಸದಲ್ಲಿ ತೀರ್ಮಾನ ಮೊದಲ ವಾಕ್ಯದಲ್ಲೇ ಬರಬೇಕು, ಕಾರಣಗಳು ಆಮೇಲೆ. ಇದನ್ನು ರೂಢಿಸಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು. ಆದರೆ ಎದುರಿನವರು ಆಕ್ಷೇಪ ಎತ್ತಿದಾಗ ಸಾವರಿಸಿಕೊಂಡು ಉತ್ತರಿಸುವುದಕ್ಕೆ, ವೇಷ ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಳೆಗಿಂತ ದೊಡ್ಡ ಪಾಠಶಾಲೆ ಇಲ್ಲ. ಎದುರಾಳಿಯ ಮಾತಿನ ಯಾವ ಎಳೆಯನ್ನು ಅರ್ಥಧಾರಿ (ಅಲ್ಲಿ ಪಾತ್ರದ ಮಾತಾಡುವವನು) ಹಿಡಿಯುತ್ತಾನೆ, ಯಾವುದನ್ನು ಒಪ್ಪಿಕೊಂಡು ಮುಂದೆ ಸಾಗುತ್ತಾನೆ ಎಂದು ಒಂದು ರಾತ್ರಿ ಕುಳಿತು ಗಮನಿಸಿ.

ಇಂಗ್ಲಿಷಿನ ಭಯ ಹಲವರಿಗಿದೆ. ಕನ್ನಡ ಮಾಧ್ಯಮದವರಿಗೆ ಇನ್ನೂ ಹೆಚ್ಚು. ಕನ್ನಡದಲ್ಲಿ ಯೋಚಿಸಿ, ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ. ದಿನಕ್ಕೆ ಇಪ್ಪತ್ತು ನಿಮಿಷ ಗೆಳೆಯರೊಬ್ಬರನ್ನು ಎದುರು ಕೂರಿಸಿಕೊಂಡು ಕೇಸನ್ನು ಬಾಯಿಬಿಟ್ಟು ಬಿಡಿಸಿ. ಮನಸ್ಸಿನಲ್ಲೇ ಓದಿಕೊಂಡ ತಯಾರಿ ಸಂದರ್ಶನದ ಕೋಣೆಯಲ್ಲಿ ಕೈಕೊಡುತ್ತದೆ.

ಸೇರಿದ ಮೇಲೆ

ಮೊದಲ ವಾರದಲ್ಲೇ ಕೇಳಿಕೊಳ್ಳಿ: ನನ್ನ ಈ ಕೆಲಸ ನೋಡಿ ಯಾರು, ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ? ಉತ್ತರ ಸಿಗದಿದ್ದರೆ ಮತ್ತೆ ಕೇಳಿ. ಎಕ್ಸೆಲ್ಲಿನ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಯಾವ ದಿನಾಂಕದ್ದು, ಯಾವ ಅಳತೆಯದು ಎಂದು ಬರೆದಿಡಿ. ನನ್ನ ಹಸಿ ಅಡಿಕೆಯ ಲೆಕ್ಕಕ್ಕೆ ಈ ಒಂದು ಕಾಲಂ ಇದ್ದಿದ್ದರೆ ಸಾಕಿತ್ತು. ಮಾಹಿತಿಯನ್ನು ಗುಂಪು ಮಾಡಿ ಕೂಡಿಸುವ ಪಿವಟ್ ಟೇಬಲ್, ಬೇಕಾದ ವಿವರವನ್ನು ಹುಡುಕಿ ತರುವ ಎಕ್ಸ್‌ಲುಕಪ್, ಎಕ್ಸೆಲ್ಲಿನ ಈ ಎರಡನ್ನೂ ಕೆಲಸಕ್ಕೆ ಹೋಗುವ ಮೊದಲೇ ಕಲಿತಿರಿ. ಸ್ಲೈಡಿನ ತಲೆಬರಹ ಪೂರ್ತಿ ವಾಕ್ಯವಾಗಿರಲಿ. "ಮಾರಾಟದ ವಿವರ" ಎಂದು ಬರೆದರೆ ಓದುವವರಿಗೆ ಏನೂ ಹೇಳಿದಂತಾಗುವುದಿಲ್ಲ; "ಮಾರಾಟ ಇಳಿದದ್ದು ಕುಮಟಾ ಶಾಖೆಯಲ್ಲಿ ಮಾತ್ರ" ಎಂದರೆ ಹೇಳಿದಂತೆ.

ಅರ್ಧ ಮುಗಿದ ಕೆಲಸವನ್ನು ತೋರಿಸಲು ನಾಚಬೇಡಿ. ನಮ್ಮ ಕಡೆಯ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತೊಡಕು ಇದು: ಪೂರ್ತಿ ಚೆಂದವಾಗುವವರೆಗೆ ಬಚ್ಚಿಡುತ್ತಾರೆ, ಹಿರಿಯರ ಸಮಯ ಹಾಳು ಮಾಡಬಾರದು ಎಂದು ಸುಮ್ಮನಿರುತ್ತಾರೆ. ಅದು ವಿನಯ, ನನಗೆ ಅದರ ಮೇಲೆ ಗೌರವವಿದೆ. ಆದರೆ ಎರಡು ವಾರ ತಪ್ಪು ದಾರಿಯಲ್ಲಿ ನಡೆದ ಮೇಲೆ ತಿದ್ದಿಸಿಕೊಳ್ಳುವುದಕ್ಕಿಂತ ಎರಡನೇ ದಿನ ಹೋಗಿ ಕೇಳುವುದು ಆ ಹಿರಿಯರಿಗೂ ಹಗುರ. ಗ್ರಾಹಕರ ಮಾಹಿತಿಯನ್ನು ಮಾತ್ರ ಯಾರೊಂದಿಗೂ, ಮನೆಯವರೊಂದಿಗೂ, ಆಡಬೇಡಿ. ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಬರುವಾಗ ಪಕ್ಕದ ಸೀಟಿನವರು ಯಾರ ನೆಂಟರೋ ಗೊತ್ತಿರುವುದಿಲ್ಲ.

ಹಣದ ಮಾತು

ಸ್ಟೈಪೆಂಡ್ ಎಷ್ಟು ಎಂದು ನೋಡುವಾಗ ಪಕ್ಕದಲ್ಲಿ ಖರ್ಚನ್ನೂ ಬರೆಯಿರಿ: ಪಿ.ಜಿ. ಬಾಡಿಗೆ, ಮುಂಗಡ, ಊಟ, ಕಚೇರಿಗೆ ಹೋಗಿಬರುವ ಖರ್ಚು, ಊರಿಗೆ ಎರಡು ಸಲ ಬಂದು ಹೋಗುವ ಬಸ್. ಬೆಂಗಳೂರಿನಲ್ಲಿ ಸ್ಟೈಪೆಂಡ್ ಪೂರ್ತಿ ಕರಗಿ ಮನೆಯಿಂದ ಹಣ ತರಿಸುವಂತಾದರೆ, ಕಡಿಮೆ ಕೊಟ್ಟರೂ ಹುಬ್ಬಳ್ಳಿಯದೋ ಊರಿನದೋ ಮೇಲು. ತೋಟದ ಕೊಳೆರೋಗದಿಂದ ಬೆಳೆ ಹೋದ ವರ್ಷ ಮನೆಯವರ ಮೇಲೆ ಇನ್ನೊಂದು ಹೊರೆ ಹೇರುವುದು ಎಷ್ಟು ಕಷ್ಟ ಎಂದು ಬಲ್ಲೆ. ಹಣ ಕೇಳಲು ಸಂಕೋಚಪಟ್ಟು ಒಳ್ಳೆಯ ಅವಕಾಶವನ್ನು ಬಿಡಲೂ ಬೇಡಿ. "ಉಳಿಯುವ ವ್ಯವಸ್ಥೆ ಇದೆಯೇ, ಸ್ಟೈಪೆಂಡ್ ತಿಂಗಳ ಯಾವ ದಿನ ಬರುತ್ತದೆ" ಎಂದು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆ ಭಾನುವಾರದ ಇಬ್ಬರ ಕಥೆಗೆ ಬರುತ್ತೇನೆ. ಕಾರವಾರದ ಹುಡುಗನ ಮುಂದಿದ್ದದ್ದು ಬಿಗ್ ಫೋರ್‌ನ ಒಂದು ಕೇಂದ್ರ ಮತ್ತು ಮೀನು ಸಂಸ್ಕರಣೆಯಲ್ಲಿ ಕೆಲಸ ಮಾಡುವ ಹದಿನೈದು ಜನರ ಸಂಸ್ಥೆ. ಕಡಲಿನ ಮಕ್ಕಳಿಗೆ ಮೀನಿನ ಕೆಲಸವೇ ಸರಿ ಎಂದು ನನಗೂ ಅನ್ನಿಸಿತ್ತು. ಎರಡೂ ಕಡೆ ಫೋನ್ ಮಾಡಿ ಒಂದೇ ಪ್ರಶ್ನೆಗಳನ್ನು ಕೇಳು ಎಂದೆ: ನನ್ನ ಕೆಲಸ ಯಾರು ನೋಡುತ್ತಾರೆ, ವಾರಕ್ಕೆ ಎಷ್ಟು ಸಲ, ಕಳೆದ ವರ್ಷದ ಇಂಟರ್ನ್ ಯಾವ ಕೆಲಸ ಮುಗಿಸಿದರು? ಸಣ್ಣ ಸಂಸ್ಥೆಯ ಸಂಸ್ಥಾಪಕರು ಏಪ್ರಿಲ್, ಮೇ ಎರಡೂ ತಿಂಗಳು ಹೊರರಾಜ್ಯದಲ್ಲಿ ಇರುವವರಿದ್ದರು. ಕೇಂದ್ರದಲ್ಲಿ ಹೆಸರು ಹಿಡಿದು ಒಬ್ಬ ವ್ಯವಸ್ಥಾಪಕರನ್ನು ಹೇಳಿದರು, ಪ್ರತಿ ಶುಕ್ರವಾರ ಕೆಲಸದ ಪರಿಶೀಲನೆ ಎಂದರು, ಕಳೆದ ವರ್ಷದ ಇಂಟರ್ನ್ ಜೊತೆ ಮಾತಾಡಲು ಸಂಖ್ಯೆಯನ್ನೂ ಕೊಟ್ಟರು. ಅವನು ಅದನ್ನೇ ಒಪ್ಪಿಕೊಂಡ. ಇನ್ನೊಂದು ಸಂಸ್ಥೆಗೆ ಅದೇ ಸಂಜೆ ವಿನಯದಿಂದ ಪತ್ರ ಬರೆದ. ಒಲ್ಲೆ ಎನ್ನುವುದನ್ನು ತಡಮಾಡಿದರೆ ಆ ಜಾಗ ಬೇರೊಬ್ಬರ ಕೈತಪ್ಪುತ್ತದೆ.

ಹುಡುಗಿಯ ಒಂದು ಪತ್ರ ಶುಲ್ಕ ಕೇಳುವ ಪರದೆಯ ಇಂಟರ್ನ್‌ಶಿಪ್. ಅದನ್ನು ಅಲ್ಲಿಯೇ ಅಳಿಸಿದಳು. ಇನ್ನೊಂದು ಅವಳ ಊರಿನ ಸಹಕಾರಿ ಸಂಘದ್ದು: ಸದಸ್ಯರು ಚಾಲಿಯನ್ನು ಸಂಘಕ್ಕೆ ತರದೆ ಹೊರಗೆ ಏಕೆ ಮಾರುತ್ತಾರೆ ಎಂಬ ಅಧ್ಯಯನ, ಆರು ವಾರ. ಮೂರನೇ ವಾರ ಮನೆಗೆ ಬಂದಾಗ ಅವಳ ನೋಟ್‌ಬುಕ್ಕಿನಲ್ಲಿ ಇಬ್ಬಗೆಯ ಉತ್ತರಗಳಿದ್ದವು. ಕೇಳಿದರೆ ಎಲ್ಲರೂ "ಹೊರಗೆ ದರ ಹೆಚ್ಚು" ಎನ್ನುತ್ತಿದ್ದರು. ಆದರೆ ಅವಳು ತಾಳೆ ಹಾಕಿದ ದಿನಾಂಕಗಳಲ್ಲಿ ದರ ಅಷ್ಟೇನೂ ಹೆಚ್ಚಿರಲಿಲ್ಲ. ಹೊರಗೆ ಮಾರಿದವರಲ್ಲಿ ಹೆಚ್ಚಿನವರು ಕಾಲೇಜು ಶುಲ್ಕ ಕಟ್ಟುವ ಗಡುವಿನ ಹಿಂದಿನ ವಾರ ಮಾರಿದ್ದರು. ಮನೆ ಬಾಗಿಲಿಗೆ ಬರುವ ವ್ಯಾಪಾರಿ ಅಂದೇ ಕೈಗೆ ಹಣ ಕೊಡುತ್ತಾನೆ. "ಅಕ್ಕ, ಇವರಿಗೆ ಬೇಕಾದದ್ದು ದರವೋ, ದಿನವೋ?" ಎಂದು ಕೇಳಿದಳು. ಮುಂದಿನ ಭಾನುವಾರ ಹದಿನಾಲ್ಕು ಪುಟದ ಕರಡು ತರುತ್ತಾಳೆ. ಒಂದು ಪ್ರತಿಯನ್ನು ಸಂಘದ ಕಾರ್ಯದರ್ಶಿ ಈಗಾಗಲೇ ತೆಗೆದುಕೊಂಡಿದ್ದಾರಂತೆ, ಪೆನ್ಸಿಲ್ ಹಿಡಿದು ಓದುತ್ತಿದ್ದಾರಂತೆ.